12 ರಾತ್ರಿಗೆ ನಾಲ್ಕೇ ರೂಮು: ಇಟಲಿ ಹನಿಮೂನ್ ಪ್ಲಾನ್ ಬಗ್ಗೆ ಒಂದು ಉದ್ದ ಉತ್ತರ

ಪ್ರಶ್ನೆ: ನಾನು ದಾವಣಗೆರೆಯವಳು, ಬೆಂಗಳೂರಲ್ಲಿ ಕೆಲಸ. ಮೇ ಮೊದಲ ವಾರ ಮದುವೆ. ಆಷಾಢಕ್ಕೆ ಮುಂಚೆ ಎಲ್ಲಿಗೆ ಹೋಗೋದಿದ್ರೂ ಹೋಗಿ ಬಂದ್ಬಿಡಿ ಅಂತ ಮನೇಲಿ ಹೇಳಿದಾರೆ, ಹಾಗಾಗಿ ಮೇ ಕೊನೇ ವಾರದಿಂದ 12 ರಾತ್ರಿ ಇಟಲಿ ಅಂದ್ಕೊಂಡಿದೀವಿ. ನಮ್ಮ ಲಿಸ್ಟು: ಮಿಲಾನ್, ಲೇಕ್ ಕೋಮೊ, ವೆನಿಸ್, ಫ್ಲಾರೆನ್ಸ್, ಪೀಸಾ, ಚಿಂಕ್ವೆ ತೆರ್ರೆ, ರೋಮ್, ಪಾಂಪೇ, ಕಾಪ್ರಿ, ಪೊಸಿತಾನೊ, ಆಗೋದಾದ್ರೆ ಸಿಸಿಲಿನೂ. ಹುಡುಗ ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಮುಟ್ಟಲ್ಲ. ಪೊಸಿತಾನೊದಲ್ಲೇ ಉಳೀಬೇಕು ಅನ್ನೋದು ನನ್ನಾಸೆ. ಒಬ್ರು ಏಜೆಂಟ್ ಹನಿಮೂನ್ ಪ್ಯಾಕೇಜ್ ಕೊಟ್ಟಿದಾರೆ, ಅದನ್ನ ತಗೊಳ್ಳೋದಾ, ನಾವೇ ಬುಕ್ ಮಾಡೋದಾ?

ಉತ್ತರ: ಮೊದಲು ಮದುವೆಗೆ ಶುಭಾಶಯ. ಈಗ ಲಿಸ್ಟಿಗೆ ಬರೋಣ, ಬೇಜಾರು ಮಾಡ್ಕೋಬೇಡಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಾನು ಹೊಡೆದು ಹಾಕ್ತೀನಿ.

ಹನ್ನೊಂದು ಜಾಗ, 12 ರಾತ್ರಿ. ಊರು ಎಷ್ಟು ಅಂತ ಎಣಿಸೋದು ಬಿಟ್ಟು ಸೂಟ್‌ಕೇಸ್ ಎಷ್ಟು ಸಲ ಕಟ್ಬೇಕು ಅಂತ ಎಣಿಸಿ ನೋಡಿ, ಆಗ ಗೊತ್ತಾಗುತ್ತೆ. ಹೋಟೆಲಲ್ಲಿ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಚೆಕ್ ಔಟ್ ಅಂತಾರೆ, ಮುಂದಿನ ಊರಲ್ಲಿ ಮಧ್ಯಾಹ್ನ ಎರಡು ಮೂರಕ್ಕೆ ಚೆಕ್ ಇನ್, ನಡುವೆ ಸ್ಟೇಷನ್ನು, ಪ್ಲಾಟ್‌ಫಾರ್ಮು, ಕಲ್ಲು ಹಾಸಿದ ರಸ್ತೇಲಿ ಟ್ರಾಲಿ ಎಳೆಯೋದು, ಹೋಟೆಲ್ ಹುಡುಕೋದು, ಇದರಲ್ಲೇ ಒಂದು ದಿನದ ಒಳ್ಳೇ ಭಾಗ ಹೋಗುತ್ತೆ. ಫ್ಯಾಮಿಲಿ ಟೂರಲ್ಲಾದ್ರೆ ನಡೆಯುತ್ತೆ, ಮದುವೆ ಗಲಾಟೆ ಮುಗಿಸಿ, ಬೀಗರ ಊಟ ಮುಗಿಸಿ, ನಿದ್ದೆಗೆಟ್ಟು ವಿಮಾನ ಹತ್ತಿರೋ ಇಬ್ಬರಿಗೆ ಇದು ಬೇಡ. ನನ್ನ ಹತ್ರ ಪ್ಲಾನ್ ಕೇಳ್ಕೊಂಡು ಬರೋ ಹೊಸ ಜೋಡಿಗಳಿಗೆ ನಾನು ಹಾಕೋ ಕಂಡೀಷನ್ ಒಂದೇ, 12 ರಾತ್ರಿಗೆ ನಾಲ್ಕು ರೂಮಿಗಿಂತ ಹೆಚ್ಚು ಬದಲಾಯಿಸಂಗಿಲ್ಲ, ಮತ್ತೆ ದಿನಕ್ಕೆ ಟಿಕೆಟ್ ತಗೊಂಡು ನೋಡೋ ಜಾಗ ಒಂದೇ. ಮಧ್ಯಾಹ್ನ ಖಾಲಿ ಇರ್ಬೇಕು. ಅಲ್ಲಿ ಮೇ ಕೊನೇಲಿ ಸೂರ್ಯ ಮುಳುಗೋದೇ ರಾತ್ರಿ ಎಂಟೂವರೆ ಆದ್ಮೇಲೆ, ಹಾಗಾಗಿ ಮಧ್ಯಾಹ್ನ ಎರಡು ಗಂಟೆ ಮಲಗೆದ್ದು ಐದೂವರೆಗೆ ಹೊರಗೆ ಬಂದ್ರೂ ಬೆಳಕಲ್ಲಿ ಓಡಾಡೋಕೆ ಮೂರು ಗಂಟೆ ಇರುತ್ತೆ.

ಹಾಗಾದ್ರೆ ಏನು ಉಳೀತು: ವೆನಿಸ್ 3 ರಾತ್ರಿ, ಫ್ಲಾರೆನ್ಸ್ 2, ಅಮಾಲ್ಫಿ ಕರಾವಳಿ (ನಿಮ್ಮ ಪೊಸಿತಾನೊ ಇರೋದು ಇಲ್ಲೇ) 4, ರೋಮ್ 3. ಅಷ್ಟೇ. ಮಿಲಾನ್ ಬಿಡಿ, ಹನಿಮೂನ್‌ಗೆ ಅದೇನೂ ಅಂಥಾ ಊರಲ್ಲ. ಕೋಮೊ ಚೆನ್ನಾಗಿದೆ, ಆದ್ರೆ ನೀರು ನೋಡೋಕೆ ವೆನಿಸ್ಸೂ ಕರಾವಳಿನೂ ಇದ್ಮೇಲೆ ಮೂರನೇದು ಯಾಕೆ. ಪೀಸಾ ಫ್ಲಾರೆನ್ಸಿಂದ ರೈಲಲ್ಲಿ ಒಂದು ಗಂಟೆ, ಗೋಪುರ ತಳ್ಳೋ ಹಾಗೆ ಫೋಟೋ ತೆಗೆಸ್ಕೊಳ್ಳಲೇಬೇಕು ಅಂತಿದ್ರೆ ಅರ್ಧ ದಿನ ಹೋಗಿ ಬನ್ನಿ, ನಾನಂತೂ ಹೇಳಲ್ಲ. ಪಾಂಪೇ ನಿಜವಾಗ್ಲೂ ದೊಡ್ಡ ಜಾಗ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿ ಕೆಳಗೆ ಹೂತುಹೋದ ಇಡೀ ಊರು, ಆದ್ರೆ ಜೂನ್ ಬಿಸಿಲಲ್ಲಿ ಅಲ್ಲಿ ನೆರಳೇ ಇಲ್ಲ, ಜೊತೆಗೆ ಈಗ ದಿನಕ್ಕೆ 20,000 ಜನಕ್ಕೆ ಮಾತ್ರ ಬಿಡ್ತಾರೆ, ಟಿಕೆಟಲ್ಲಿ ಹೆಸರೂ ಇರುತ್ತೆ. ಇಬ್ಬರಲ್ಲಿ ಒಬ್ಬರಿಗೆ ಇತಿಹಾಸದ ಹುಚ್ಚಿದ್ರೆ ಮಾತ್ರ ಹೋಗಿ. ಸಿಸಿಲಿನ ಇನ್ನೊಂದು ಸಲಕ್ಕೆ ಇಟ್ಕೊಳ್ಳಿ, ಮ್ಯಾಪಲ್ಲಿ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತೆ, ಅಲ್ಲಿಗೆ ಹೋಗೋ ರೈಲನ್ನ ಮೆಸ್ಸೀನಾ ಹತ್ರ ಬೋಗಿ ಸಮೇತ ಹಡಗಿಗೆ ಹತ್ತಿಸಿ ದಾಟಿಸ್ತಾರೆ, ಅದೇ ಒಂದು ದಿನದ ಪ್ರಯಾಣ.

ಚಿಂಕ್ವೆ ತೆರ್ರೆ ಅಮಾಲ್ಫಿ ಎರಡೂ ಬೇಕು ಅಂತ ಬಹಳ ಜನ ಕೇಳ್ತಾರೆ. ಎರಡೂ ಬೆಟ್ಟಕ್ಕೆ ಅಂಟಿರೋ ಬಣ್ಣದ ಮನೆಗಳ ಊರುಗಳೇ, ಒಂದನ್ನ ಆರಿಸ್ಕೊಳ್ಳಿ. ಬಸ್ಸಿನ ತಿರುವು ಕಂಡ್ರೆ ಆಗಲ್ಲ, ಖರ್ಚು ಸ್ವಲ್ಪ ಕಮ್ಮಿ ಇರ್ಲಿ, ನಡೆಯೋದು ಇಷ್ಟ ಅನ್ನೋರಿಗೆ ಚಿಂಕ್ವೆ ತೆರ್ರೆ ವಾಸಿ, ಐದು ಹಳ್ಳಿಗೂ ಲೋಕಲ್ ರೈಲೇ ಹೋಗುತ್ತೆ. ಆದ್ರೆ ಒಂದೇ ಕಡೆ ಕೂತು ಆರಾಮಾಗಿ ಸಮುದ್ರ ನೋಡೋಕೆ, ರಾತ್ರಿ ಒಳ್ಳೇ ಊಟಕ್ಕೆ, ಸ್ವಲ್ಪ ದುಬಾರಿ ಅನ್ಸಿದ್ರೂ ಪರವಾಗಿಲ್ಲ ಅನ್ನೋರಿಗೆ ಅಮಾಲ್ಫಿ. ನಿಮ್ಮ ಪತ್ರ ಓದಿದ್ರೆ ಎರಡನೇದೇ ಅನ್ಸುತ್ತೆ.

ಈಗ ಈ ಕ್ರಮನೇ ಯಾಕೆ ಅಂತ. ಬೆಂಗಳೂರಿಂದ ದುಬೈ ಅಥವಾ ದೋಹಾ ಮೇಲೆ ವೆನಿಸ್‌ಗೆ ಇಳೀರಿ, ವಾಪಸ್ ರೋಮಿಂದ ಹತ್ತಿ. ಟಿಕೆಟ್ ಹುಡುಕುವಾಗ ಮಲ್ಟಿ ಸಿಟಿ ಅಂತ ಹಾಕಿದ್ರೆ ಒಂದೇ ಪಿಎನ್ಆರ್‌ನಲ್ಲಿ ಬರುತ್ತೆ, ಹೋಗಿ ಬರೋ ಮಾಮೂಲಿ ಟಿಕೆಟ್ಟಿಗಿಂತ ಎಷ್ಟೋ ಸಲ ಜಾಸ್ತಿ ವ್ಯತ್ಯಾಸನೂ ಇರಲ್ಲ, ಬಂದ ದಾರೀಲೇ ವಾಪಸ್ ಹೋಗೋ ಅರ್ಧ ದಿನದ ರೈಲು ಉಳೀತು. ಕರಾವಳಿನ ಮಾತ್ರ ಕೊನೇಗೆ ಇಡ್ಬೇಡಿ. ಇದು ಎಲ್ರೂ ಮಾಡೋ ತಪ್ಪು, ಸಮುದ್ರ ಕೊನೇಗಿರ್ಲಿ ರೆಸ್ಟ್ ಮಾಡೋಣ ಅಂತ. ಅಲ್ಲಿಂದ ಹೊರಗೆ ಬರೋಕಿರೋದು ಒಂದು ಸಪೂರ ರಸ್ತೆ ಮತ್ತೆ ದೋಣಿ, ಸಮುದ್ರ ಒರಟಾದ್ರೆ ದೋಣಿ ಕ್ಯಾನ್ಸಲ್, ದೋಣಿ ಕ್ಯಾನ್ಸಲ್ ಆದ್ರೆ ರಸ್ತೆ ಜಾಮ್, ಆವತ್ತೇ ನಿಮ್ಮ ಫ್ಲೈಟ್ ಇದ್ರೆ ಕಥೆ ಮುಗೀತು. ಕರಾವಳಿ ಮುಗಿಸಿ ರೋಮಿಗೆ ಬಂದು ಮೂರು ರಾತ್ರಿ ಇದ್ದು ಹೊರಟ್ರೆ ಯಾವ ಟೆನ್ಷನ್ನೂ ಇಲ್ಲ.

ವೆನಿಸ್ಸಲ್ಲಿ ಒಂದೇ ಮಾತು, ಊರೊಳಗೇ ಉಳೀರಿ. ಮೆಸ್ತ್ರೆ ಅಂತ ಸೇತುವೆ ಆಚೆ ದಡದಲ್ಲಿದೆ, ಅಲ್ಲಿ ಹೋಟೆಲ್ ಅಗ್ಗ, ರೈಲಲ್ಲಿ ಹತ್ತೇ ನಿಮಿಷ ಅಂತ ಹೇಳ್ತಾರೆ, ಅದೂ ನಿಜನೇ. ಆದ್ರೆ ವೆನಿಸ್ ಅನ್ನೋದು ಬೆಳಿಗ್ಗೆ ಎಂಟಕ್ಕೆ ಮುಂಚೆ ಮತ್ತೆ ರಾತ್ರಿ ಎಂಟರ ಮೇಲೆ ಇರೋ ಊರು, ನಡುವೆ ಇರೋದು ಬರೀ ಜನ. ಹಡಗಲ್ಲಿ ಬಂದೋರು, ಬಸ್ಸಲ್ಲಿ ಬಂದೋರು ಸಂಜೆ ಖಾಲಿ ಆದ್ಮೇಲೆ ಆ ಗಲ್ಲಿಗಳಲ್ಲಿ ದಾರಿ ತಪ್ಪಿಸ್ಕೊಂಡು ಓಡಾಡೋದಕ್ಕೇ ನೀವು ಇಷ್ಟು ದೂರ ಹೋಗ್ತಿರೋದು, ಆ ಹೊತ್ತಲ್ಲಿ ಮೆಸ್ತ್ರೆ ರೈಲಿಗೆ ಟೈಮ್ ನೋಡ್ಕೊಂಡು ಕೂತ್ರೆ ಏನು ಬಂತು. ರೂಮ್ ಚಿಕ್ಕದಾದ್ರೂ ಪರವಾಗಿಲ್ಲ. ಬುಕ್ ಮಾಡುವಾಗ ವಾಪೊರೆತ್ತೊ ದೋಣಿ ಸ್ಟಾಪಿಂದ ಹೋಟೆಲಿಗೆ ನಡುವೆ ಎಷ್ಟು ಸೇತುವೆ ಅಂತ ಮ್ಯಾಪಲ್ಲಿ ನೋಡಿ, ಅಲ್ಲಿ 400ಕ್ಕೂ ಹೆಚ್ಚು ಸೇತುವೆ ಇದಾವೆ, ಬಹುಪಾಲು ಎಲ್ಲಕ್ಕೂ ಮೆಟ್ಟಿಲು, ನಿಮ್ಮ ಸೂಟ್‌ಕೇಸ್ ಹೊರೋನು ನಿಮ್ಮ ಹುಡುಗನೇ.

ವಾಪೊರೆತ್ತೊ ಅಂದ್ರೆ ಅಲ್ಲಿನ ಸಿಟಿ ಬಸ್ಸು, ದೋಣಿ ರೂಪದಲ್ಲಿ. 75 ನಿಮಿಷದ ಒಂದು ಟಿಕೆಟ್ 9.50 ಯೂರೋ, ಹಾಗಾಗಿ ಪಾಸ್ ತಗೊಂಡ್ರೇ ಲಾಭ. ಒಂದನೇ ನಂಬರ್ ದೋಣಿ ಗ್ರಾಂಡ್ ಕೆನಾಲ್ ಪೂರ್ತಿ ನಿಧಾನಕ್ಕೆ ಹೋಗುತ್ತೆ, ರಾತ್ರಿ ಊಟ ಆದ್ಮೇಲೆ ಮುಂದಿನ ಸೀಟು ಸಿಕ್ರೆ ಒಂದು ರೌಂಡ್ ಹೋಗಿ, ಪಾಸಲ್ಲೇ ಆಗುತ್ತೆ. ಗೊಂಡೋಲಾಗೆ ಮುನ್ಸಿಪಾಲಿಟಿ ರೇಟ್ ಫಿಕ್ಸ್ ಮಾಡಿದೆ, ಹಗಲು ಅರ್ಧ ಗಂಟೆಗೆ 90 ಯೂರೋ, ಸಂಜೆ 7ರ ಮೇಲೆ 110, ಇದು ತಲೆಗಲ್ಲ, ದೋಣಿಗೆ. ಹಾಡೋರು ಬೇಕಂದ್ರೆ ಅದು ಬೇರೆ ಲೆಕ್ಕ. ದುಬಾರಿನೇ, ಆದ್ರೂ ಜೀವನದಲ್ಲಿ ಒಂದ್ಸಲ, ಹತ್ತಿ. ಹತ್ತೋದಾದ್ರೆ ಸಾನ್ ಮಾರ್ಕೊ ಚೌಕದ ಮುಂದೆ ಬೇಡ, ಒಳಗಿನ ಚಿಕ್ಕ ಕಾಲುವೆಗಳ ಹತ್ರ ಸ್ಟ್ಯಾಂಡ್ ಇರುತ್ತೆ, ಅಲ್ಲಿಂದ ಹತ್ತಿದ್ರೆ ಮೋಟಾರ್ ದೋಣಿಗಳ ಅಲೆ ಇರಲ್ಲ, ಸದ್ದೂ ಇರಲ್ಲ. ಎರಡನೇ ದಿನ ಬುರಾನೊ ದ್ವೀಪಕ್ಕೆ ಹೋಗಿ, ಒಂದೊಂದು ಮನೆಗೂ ಒಂದೊಂದು ಬಣ್ಣ, ಫೋಟೋಗೆ ಹೇಳಿ ಮಾಡಿಸಿದ್ದು. ಮುರಾನೊ ಗಾಜಿನ ಫ್ಯಾಕ್ಟರಿಗೆ ಫ್ರೀ ಬೋಟ್ ಇದೆ ಅಂತ ಹೋಟೆಲಲ್ಲೋ ಬೀದೀಲೋ ಯಾರಾದ್ರೂ ಹೇಳಿದ್ರೆ ನಮಸ್ಕಾರ ಹೇಳಿ ಮುಂದೆ ಹೋಗಿ, ಅದು ಸೀದಾ ಶೋರೂಮಿಗೆ ಹೋಗುತ್ತೆ, ಏನೂ ತಗೊಳ್ದೆ ಹೊರಗೆ ಬರೋದು ಕಷ್ಟ.

ಇನ್ನೊಂದು, 2024ರಿಂದ ವೆನಿಸ್ಸಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗೋರಿಗೆ ಕೆಲವು ದಿನ ಎಂಟ್ರಿ ಫೀ ಇಟ್ಟಿದಾರೆ. ರಾತ್ರಿ ಉಳಿಯೋರು ಕೊಡಂಗಿಲ್ಲ, ಆದ್ರೆ ಆನ್‌ಲೈನಲ್ಲಿ ವಿನಾಯ್ತಿ ಕೋಡ್ ತಗೊಂಡಿರ್ಬೇಕು. ಹೋಟೆಲ್ ಬುಕಿಂಗ್ ಆದ್ಮೇಲೆ ಐದು ನಿಮಿಷದ ಕೆಲಸ.

ಫ್ಲಾರೆನ್ಸಿಗೆ ವೆನಿಸ್ ಸಾಂತಾ ಲುಚಿಯಾ ಸ್ಟೇಷನ್ನಿಂದ ಫಾಸ್ಟ್ ಟ್ರೈನಲ್ಲಿ ಎರಡು ಕಾಲು ಗಂಟೆ. ಎರಡು ರಾತ್ರಿ ಸಾಕು, ಒಂದು ಮ್ಯೂಸಿಯಂ ಸಾಕು. ಮೈಕೆಲೆಂಜೆಲೊ 1504ರಲ್ಲಿ ಮುಗಿಸಿದ ಡೇವಿಡ್ ಮೂರ್ತಿ ನೋಡ್ಬೇಕಾ, ಅಕ್ಕಾದೆಮಿಯಾ. ಬೊತ್ತಿಚೆಲ್ಲಿ ಚಿತ್ರ ನೋಡ್ಬೇಕಾ, ಉಫೀತ್ಸಿ. ಎರಡಕ್ಕೂ ಸೋಮವಾರ ರಜ, ಹಾಗಾಗಿ ಭಾನುವಾರ ಸಂಜೆ ಬಂದು ಮಂಗಳವಾರ ಬೆಳಿಗ್ಗೆ ಹೊರಡೋ ಥರ ಡೇಟ್ ಬಿದ್ರೆ ಎರಡೂ ತಪ್ಪಿ ಹೋಗುತ್ತೆ, ಕ್ಯಾಲೆಂಡರ್ ಮುಂದಿಟ್ಕೊಂಡು ನೋಡಿ. ಊರಿನ ಮುಖ್ಯ ಚರ್ಚು ದುವೊಮೊದ ದೊಡ್ಡ ಗುಮ್ಮಟ ಹತ್ತೋಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ಮುಂಚೆನೇ ಟೈಮ್ ಬುಕ್ ಮಾಡಿರ್ಬೇಕು. ಸೂರ್ಯಾಸ್ತಕ್ಕೆ ಎಲ್ರೂ ಪಿಯಾತ್ಸಾಲೆ ಮಿಕೆಲಾಂಜೆಲೊ ಅನ್ನೋ ಗುಡ್ಡದ ಮೇಲಿನ ಚೌಕಕ್ಕೆ ಹೋಗ್ತಾರೆ, ಚೆನ್ನಾಗಿದೆ, ಜಾತ್ರೆ ಥರ ಜನ. ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ ಸಾನ್ ಮಿನಿಯಾತೊ ಚರ್ಚಿದೆ, ಅದೇ ನೋಟ, ಕಾಲು ಭಾಗ ಜನ. ಪೊಂತೆ ವೆಕ್ಕಿಯೊ ಸೇತುವೆ ಮೇಲೆ ಸಾಲಾಗಿ ಚಿನ್ನದಂಗಡಿಗಳು, ಮೊದಲು ಅಲ್ಲಿ ಕಟುಕರ ಅಂಗಡಿ ಇತ್ತಂತೆ, 1593ರಲ್ಲಿ ಅಲ್ಲಿನ ದೊರೆ ವಾಸನೆ ತಡೀಲಾರದೆ ಅವರನ್ನ ಎಬ್ಬಿಸಿ ಅಕ್ಕಸಾಲಿಗರಿಗೆ ಕೊಟ್ಟ. ನೋಡಿ ಬನ್ನಿ ಅಷ್ಟೇ, ಮದುವೆಗೆ ಈಗ ತಾನೇ ಚಿನ್ನ ತಗೊಂಡಿರ್ತೀರಾ.

ಈಗ ನಿಮ್ಮ ಪೊಸಿತಾನೊ. ಇದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ದುಡ್ಡು ಅತಿ ಹೆಚ್ಚು ಹೋಗೋದೂ ಇಲ್ಲೇ, ನಿರಾಸೆ ಆಗೋದೂ ಇಲ್ಲೇ.

ನೀವು ಫೋಟೋದಲ್ಲಿ ನೋಡಿರೋ ಪೊಸಿತಾನೊ, ಆ ಗುಲಾಬಿ ಹಳದಿ ಮನೆಗಳ ಗುಡ್ಡ, ಅದು ದೋಣಿಯಿಂದಲೋ ಆಚೆ ತಿರುವಿನಿಂದಲೋ ತೆಗೆದಿರೋದು. ಊರೊಳಗೆ ರೂಮ್ ತಗೊಂಡ್ರೆ ಆ ನೋಟ ಎಲ್ಲ ರೂಮಿಂದ ಸಿಗಲ್ಲ, ಮೆಟ್ಟಿಲು ಮಾತ್ರ ಖಂಡಿತ ಸಿಗುತ್ತೆ. ಬೀಚಿಂದ ಮೇಲಿನ ಬಸ್ ಸ್ಟಾಪಿಗೆ ನೂರಾರು ಮೆಟ್ಟಿಲು. ಅದಕ್ಕೆ ನಾನು ಹೇಳೋದು, ಉಳಿಯೋದು ಅಮಾಲ್ಫಿ ಊರಲ್ಲಿ, ಇಲ್ಲಾಂದ್ರೆ ಅದರ ಪಕ್ಕದ ಅತ್ರಾನೀಲಿ, ಪೊಸಿತಾನೊಗೆ ದೋಣೀಲಿ ಹೋಗಿ ಒಂದು ದಿನ ಇದ್ದು ಬನ್ನಿ. ಅಮಾಲ್ಫಿಯಿಂದ ಎಲ್ಲ ಕಡೆ ಬಸ್ಸೂ ಇದೆ, ದೋಣಿನೂ ಇದೆ. ಅತ್ರಾನಿ ಅಲ್ಲಿಂದ ನಡ್ಕೊಂಡು ಹತ್ತೇ ನಿಮಿಷ, ಪುಟ್ಟ ಚೌಕ, ಮಕ್ಕಳು ಫುಟ್ಬಾಲ್ ಆಡ್ತಿರ್ತಾರೆ, ರಾತ್ರಿ ಊಟಕ್ಕೆ ಕೂತ್ರೆ ಎಬ್ಬಿಸೋರಿಲ್ಲ. ಪೊಸಿತಾನೊ ಒಂದು ರೂಮಿನ ದುಡ್ಡಿಗೆ ಇಲ್ಲಿ ಬಾಲ್ಕನಿ ಇರೋ ರೂಮೇ ಸಿಗಬಹುದು. ಅಷ್ಟಾದ್ರೂ ನಿಮ್ಮಾಸೆ ಪೊಸಿತಾನೊನೇ ಆದ್ರೆ ನಾಲ್ಕೂ ರಾತ್ರಿ ಅಲ್ಲೇ ಇರಿ, ಎರಡು ಅಲ್ಲಿ ಎರಡು ಇಲ್ಲಿ ಅಂತ ಮಾತ್ರ ಮಾಡ್ಬೇಡಿ. ಎಲ್ಲೇ ತಗೊಂಡ್ರೂ ಬುಕಿಂಗ್‌ಗೆ ಮುಂಚೆ ಹೋಟೆಲಿಗೆ ಮೆಸೇಜ್ ಹಾಕಿ ಮೂರು ವಿಷಯ ಕೇಳಿ: ರಸ್ತೆಯಿಂದ ರೂಮಿಗೆ ಎಷ್ಟು ಮೆಟ್ಟಿಲು, ಲಗೇಜ್ ಹೊರೋಕೆ ಜನ ಇದಾರಾ, ಬೆಡ್ ಮ್ಯಾಟ್ರಿಮೋನಿಯಾಲೆನಾ, ಅಂದ್ರೆ ಇಬ್ಬರಿಗೂ ಸೇರಿ ಒಂದೇ ದೊಡ್ಡ ಮಂಚನಾ. ಮ್ಯಾಟ್ರಿಮೋನಿಯಾಲೆ ಅಂತ ಕೇಳ್ದೆ ಇದ್ರೆ ಎರಡು ಸಿಂಗಲ್ ಮಂಚ ಜೋಡಿಸಿ ಕೊಡೋ ಸಾಧ್ಯತೆ ಇರುತ್ತೆ, ಹನಿಮೂನಲ್ಲಿ ನಡುವಿನ ಸಂದಿಗೆ ಬೀಳೋದು ಯಾರಿಗೆ ಬೇಕು.

ಹೋಗೋದು ಹೇಗೆ ಅಂದ್ರೆ, ಫ್ಲಾರೆನ್ಸಿಂದ ಸಲೆರ್ನೊಗೆ ನೇರ ಫಾಸ್ಟ್ ಟ್ರೈನ್ ಇದೆ, ಸುಮಾರು ನಾಲ್ಕು ಗಂಟೆ. ನಾಪೋಲಿಯಲ್ಲಿ (ನೇಪಲ್ಸ್) ಇಳಿದು ಸೊರೆಂತೊ ಲೋಕಲ್ ಟ್ರೈನ್ ಹತ್ತಿ ಆಮೇಲೆ ಬಸ್ ಹಿಡಿಯೋ ದಾರಿ ಬೇಡ, ಆ ಲೋಕಲ್ ಯಾವಾಗ್ಲೂ ತುಂಬಿರುತ್ತೆ, ಸೂಟ್‌ಕೇಸ್ ಇಡೋಕೆ ಜಾಗ ಇಲ್ಲ, ಜೇಬುಗಳ್ಳರ ಕಾಟ ಬೇರೆ. ಸಲೆರ್ನೊ ಸ್ಟೇಷನ್ನಿಂದ ದೋಣಿ ಕಟ್ಟೆ ಐದಾರು ನಿಮಿಷದ ನಡಿಗೆ, ಅಲ್ಲಿಂದ ಅಮಾಲ್ಫಿಗೆ ದೋಣೀಲಿ ಅರ್ಧ ಗಂಟೆ ಚಿಲ್ಲರೆ. ಬೆಟ್ಟ, ನಿಂಬೆ ತೋಟ, ಊರು ಎಲ್ಲ ಸಮುದ್ರದ ಕಡೆಯಿಂದ ನಿಧಾನಕ್ಕೆ ತೆರ್ಕೊಳ್ತಾ ಬರುತ್ತೆ, ಆ ಊರಿಗೆ ಮೊದಲ ಸಲ ಹೋಗೋದಾದ್ರೆ ಹೀಗೇ ಹೋಗ್ಬೇಕು. ದೋಣಿ ಓಡೋದು ಹೆಚ್ಚುಕಮ್ಮಿ ಏಪ್ರಿಲಿಂದ ಅಕ್ಟೋಬರ್‌ವರೆಗೆ, ನಿಮಗೆ ತೊಂದರೆ ಇಲ್ಲ. ಸಮುದ್ರ ಸರಿ ಇಲ್ಲ ಅಂದ್ರೆ ಅದೇ ಸಲೆರ್ನೊದಿಂದ ಬಸ್ ಇದೆ. ಆ ರಸ್ತೆ ಹೇಗಿದೆ ಅಂದ್ರೆ ಆಗುಂಬೆ ಘಾಟಿನ ಉದ್ದಕ್ಕೆ ಎಳೆದು ಸಮುದ್ರದ ಮೇಲೆ ನೇತುಹಾಕಿದ ಹಾಗೆ. ಬಸ್ಸಲ್ಲಿ ಹೊಟ್ಟೆ ತೊಳಸೋರಾದ್ರೆ ಮಾತ್ರೆ ಇಲ್ಲಿಂದಲೇ ತಗೊಂಡು ಹೋಗಿ. ಕಾರ್ ಬಾಡಿಗೆಗೆ ತಗೊಳ್ಳೋ ಯೋಚನೆ ಬಿಟ್ಬಿಡಿ, ಪಾರ್ಕಿಂಗ್ ಸಿಗಲ್ಲ, ಸಿಕ್ರೂ ಅದರ ಬಾಡಿಗೆ ಕೇಳಿ ಊಟ ಸೇರಲ್ಲ. ಊರುಗಳಲ್ಲಿ ಹೊರಗಿನ ಗಾಡಿ ಬರಬಾರದ ಝಡ್‌ಟಿಎಲ್ ಅನ್ನೋ ವಲಯ ಇರುತ್ತೆ, ಕ್ಯಾಮೆರಾ ಫೋಟೋ ತೆಗೆದು ದಂಡದ ನೋಟಿಸು ತಿಂಗಳುಗಳಾದ್ಮೇಲೆ ಮನೆಗೇ ಬರುತ್ತೆ.

ನಾಲ್ಕು ದಿನ ಏನು ಮಾಡೋದು? ಮೊದಲ ದಿನ ಏನೂ ಇಲ್ಲ. ಒಂದು ದಿನ ಮಧ್ಯಾಹ್ನದ ಮೇಲೆ ರವೆಲ್ಲೊ ಊರಿಗೆ ಬಸ್ಸಲ್ಲಿ ಹೋಗಿ, ಸಮುದ್ರದಿಂದ 350 ಮೀಟರ್ ಮೇಲಿದೆ, ತಂಪು. ಅಲ್ಲಿ ವಿಲ್ಲಾ ರೂಫೊಲೊ ಅಂತ ತೋಟ ಇದೆ, ಜರ್ಮನ್ ಸಂಗೀತಗಾರ ವಾಗ್ನರ್ 1880ರಲ್ಲಿ ಇಲ್ಲಿಗೆ ಬಂದು ತನ್ನ ಆಪೆರಾದ ಮಾಯಾ ತೋಟ ಸಿಕ್ತು ಅಂದ್ಕೊಂಡನಂತೆ. ವಿಲ್ಲಾ ಚಿಂಬ್ರೋನೆ ಇನ್ನೂ ಮೇಲೆ, ಅದರ ಕೊನೇಲಿ ಅಮೃತಶಿಲೆ ಮೂರ್ತಿಗಳ ಸಾಲಿನ ಕಟ್ಟೆ ಇದೆ, ಕೆಳಗೆ ಬರೀ ಸಮುದ್ರ. ನನ್ನ ಕೇಳಿದ್ರೆ ಇಡೀ ಕರಾವಳೀಲಿ ಇಬ್ಬರೇ ಕೂತ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ, ಪೊಸಿತಾನೊ ಇದರ ಮುಂದೆ ಏನೂ ಅಲ್ಲ. ಕೊನೇ ಬಸ್ ಟೈಮ್ ನೋಡ್ಕೊಂಡು ಹೋಗಿ. ಇನ್ನೊಂದು ದಿನ ಪೊಸಿತಾನೊ. ಟ್ರೆಕಿಂಗ್ ಮಾಡೋರಾದ್ರೆ ಬೊಮೆರಾನೊದಿಂದ ನೊಚೆಲ್ಲೆವರೆಗೆ ದೇವರುಗಳ ದಾರಿ ಅಂತಲೇ ಹೆಸರಿರೋ ಬೆಟ್ಟದ ಹಾದಿ ಇದೆ, ಬೆಳಿಗ್ಗೆ ಬೇಗ ಹೊರಟ್ರೆ ಮಧ್ಯಾಹ್ನಕ್ಕೆ ಪೊಸಿತಾನೊಗೆ ಇಳೀತೀರಾ, ಶೂ ಇರ್ಲಿ, ನೀರು ಇರ್ಲಿ. ಕಾಪ್ರಿ ದ್ವೀಪದ ಬದಲು ಅದೇ ದುಡ್ಡಲ್ಲಿ ಅರ್ಧ ದಿನ ಒಂದು ಚಿಕ್ಕ ದೋಣಿ ಮಾತಾಡ್ಕೊಳ್ಳಿ. ಕಾಪ್ರೀಲಿ ಬ್ಲೂ ಗ್ರೊಟ್ಟೊ ಗುಹೆ ಮುಂದೆ ಬಿಸಿಲಲ್ಲಿ ದೋಣಿ ಕ್ಯೂ, ಒಳಗಿರೋದು ಐದು ನಿಮಿಷ, ಅಲೆ ಜಾಸ್ತಿ ಇದ್ರೆ ಬಾಗಿಲೇ ಹಾಕ್ತಾರೆ.

ಬೀಚ್ ಅಂದ್ರೆ ಗೋಕರ್ಣದ ಮರಳು ನೆನೆಸ್ಕೋಬೇಡಿ, ಅಲ್ಲಿ ಉರುಟು ಕಲ್ಲು. ನೀರಿಗೆ ಹಾಕೋ ರಬ್ಬರ್ ಚಪ್ಪಲಿ ಬೇಕು. ಛತ್ರಿ ಕುರ್ಚಿ ಹಾಕಿರೋ ಜಾಗಕ್ಕೆಲ್ಲ ಬಾಡಿಗೆ, ಪಕ್ಕದಲ್ಲಿ ಚಿಕ್ಕ ಫ್ರೀ ಬೀಚ್ ಇರುತ್ತೆ. ಆಮೇಲೆ ಜೂನ್ 2 ಅಲ್ಲಿನ ಗಣರಾಜ್ಯ ದಿನ, ಸರ್ಕಾರಿ ರಜ, ಹಿಂದೆ ಮುಂದೆ ಒಂದೊಂದು ದಿನ ರಜ ಸೇರಿಸ್ಕೊಂಡು ಇಟಲಿಯೋರೆಲ್ಲ ಸಮುದ್ರಕ್ಕೆ ಬರ್ತಾರೆ. ನಿಮ್ಮ ಲೆಕ್ಕದಲ್ಲಿ ಅದು ಕರಾವಳಿ ದಿನಗಳಲ್ಲೇ ಬೀಳುತ್ತೆ, ಆವತ್ತು ಎಲ್ಲಿಗೂ ಹೋಗ್ಬೇಡಿ, ಈ ರೂಮು ಮಾತ್ರ ಎಲ್ಲಕ್ಕಿಂತ ಮೊದಲು ಬುಕ್ ಮಾಡಿ.

ರೋಮಿಗೆ ಸಲೆರ್ನೊದಿಂದ ಎರಡು ಎರಡೂವರೆ ಗಂಟೆ ರೈಲು. ರೂಮ್ ತೆರ್ಮಿನಿ ಸ್ಟೇಷನ್ ಪಕ್ಕ ಬೇಡ, ಪಾಂಥಿಯನ್ ಅನ್ನೋ ಪುರಾತನ ದೇಗುಲದ ಸುತ್ತಮುತ್ತ ಅಥವಾ ತ್ರಾಸ್ತೆವೆರೆ ಬಡಾವಣೆ ಕಡೆ ನೋಡಿ, ರಾತ್ರಿ ನಡ್ಕೊಂಡೇ ಓಡಾಡ್ಬಹುದು. ಕೊಲೊಸಿಯಂ ಟಿಕೆಟಲ್ಲಿ ಹೆಸರು ಇರುತ್ತೆ, ಪಾಸ್‌ಪೋರ್ಟಲ್ಲಿ ಇರೋ ಹಾಗೇ ಹಾಕಿ, ಸರ್ಕಾರಿ ಸೈಟಲ್ಲಿ ತಿಂಗಳಿಗೆ ಮುಂಚೆ ಬಿಡ್ತಾರೆ, ಬೇಗ ಖಾಲಿ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ರಜ, ತಿಂಗಳ ಕೊನೇ ಭಾನುವಾರ ಮಾತ್ರ ತೆಗೆದಿರುತ್ತೆ, ಅದೂ ಫ್ರೀ, ಆವತ್ತು ಹೋಗೋ ಧೈರ್ಯ ಮಾಡ್ಬೇಡಿ. ಚರ್ಚುಗಳಿಗೆ ಭುಜ ಮಂಡಿ ಮುಚ್ಚಿರ್ಬೇಕು, ಒಂದು ದುಪಟ್ಟಾ ಬ್ಯಾಗಲ್ಲಿ ಇಟ್ಕೊಂಡ್ರೆ ಆಯ್ತು. ಪಾಂಥಿಯನ್‌ಗೆ 2023ರಿಂದ 5 ಯೂರೋ. ತ್ರೇವಿ ಕಾರಂಜಿಗೆ ಬೆಳಿಗ್ಗೆ ಆರಕ್ಕೆ ಹೋಗಿ, ರೇಷ್ಮೆ ಸೀರೆ ಉಟ್ಕೊಂಡು ಫೋಟೋ ತೆಗೆಸ್ಕೊಳ್ಳೋ ಆಸೆ ಇದ್ರೆ ಅದಕ್ಕೂ ಅದೇ ಹೊತ್ತು, ಎಂಟರ ಮೇಲೆ ನಿಲ್ಲೋಕೂ ಜಾಗ ಇಲ್ಲ. ಸ್ಪಾನಿಷ್ ಸ್ಟೆಪ್ಸ್ ಮೇಲೆ ಕೂತ್ರೆ ದಂಡ, 2019ರಿಂದ ಹಾಗೆ ಮಾಡಿದಾರೆ. ಬೀದಿ ನಲ್ಲಿ ನೀರು ಕುಡೀಬಹುದು, ಬಾಟಲಿ ಇಟ್ಕೊಳ್ಳಿ. ಮತ್ತೆ ಯಾರಾದ್ರೂ ನಗ್ತಾ ಬಂದು ನಿಮ್ಮ ಕೈಗೆ ಗುಲಾಬಿ ಹೂ ಕೊಟ್ರೆ, ಕೈಗೆ ದಾರ ಕಟ್ಟೋಕೆ ಬಂದ್ರೆ ತಗೋಬೇಡಿ, ಮರುಕ್ಷಣ ನಿಮ್ಮೆಜಮಾನ್ರ ಹತ್ರ ದುಡ್ಡು ಕೇಳ್ತಾರೆ. ತಾಳಿ ತೆಗೀಬೇಡಿ ಅಂತ ಮನೇಲಿ ಹೇಳಿರ್ತಾರೆ, ಸಣ್ಣ ಸರದಲ್ಲಿ ಪೋಣಿಸಿ ಬಟ್ಟೆ ಒಳಗೆ ಹಾಕ್ಕೊಳ್ಳಿ, ಉಳಿದ ಬಳೆ ನೆಕ್ಲೇಸು ಲಾಕರಲ್ಲೇ ಇರ್ಲಿ.

ಊಟದ ವಿಷಯ. ಇಟಲೀಲಿ ಸಸ್ಯಾಹಾರಿಗೆ ಕಷ್ಟ ಇಲ್ಲ, ಆದ್ರೆ ಎಲ್ಲಿ ಏನು ಸೇರಿರುತ್ತೆ ಅಂತ ಗೊತ್ತಿರ್ಬೇಕು. ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಉಓವಾ ಅಂದ್ರೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಇಷ್ಟು ಬಾಯಿಪಾಠ ಮಾಡಿಸಿ ಹುಡುಗನಿಗೆ. ಒಣ ಪಾಸ್ತಾ, ಅಂದ್ರೆ ಸ್ಪಗೆಟ್ಟಿ ಪೆನ್ನೆ ಥರದ್ದು, ಸಾಮಾನ್ಯವಾಗಿ ಗೋಧಿ ರವೆ ನೀರು ಅಷ್ಟೇ. ತಾಜಾ ಪಾಸ್ತಾ, ತಲ್ಯಾತೆಲ್ಲೆ ರವಿಯೋಲಿ ಅಂಥದ್ದಕ್ಕೆ ಬಹುತೇಕ ಮೊಟ್ಟೆ ಇರುತ್ತೆ. ಹಾಗಾಗಿ ಆಲಿಯೊ ಎ ಓಲಿಯೊ (ಬೆಳ್ಳುಳ್ಳಿ ಎಣ್ಣೆ), ಅರ್ರಬ್ಬಿಯಾತಾ (ಖಾರದ ಟೊಮ್ಯಾಟೊ), ಪೊಮೊದೋರೊ (ಬರೀ ಟೊಮ್ಯಾಟೊ) ಇವು ಸೇಫು, ಅರ್ರಬ್ಬಿಯಾತಾಗೆ ಮೆಣಸಿನಕಾಯಿ ಇರುತ್ತೆ, ಎರಡು ದಿನ ಆದ್ಮೇಲೆ ನಿಮಗದು ಬೇಕೇ ಅನ್ಸುತ್ತೆ. ರೋಮಲ್ಲಿ ಕುಂಬಳ ಹೂವಿನ ಬಜ್ಜಿ ನೋಡಿ ಖುಷಿಯಾಗಿ ಆರ್ಡರ್ ಮಾಡ್ಬೇಡಿ, ಅದರೊಳಗೆ ಚೀಸ್ ಜೊತೆ ಆಂಚೊವಿ ಮೀನು ಇಟ್ಟಿರ್ತಾರೆ. ತರಕಾರಿ ಸೂಪಲ್ಲೂ ಮಾಂಸದ ಸಾರು ಇರಬಹುದು, ಕೇಳಿ.

ಇನ್ನು ಚೀಸ್, ಇದನ್ನ ಏಜೆಂಟರು ಯಾರೂ ಹೇಳಲ್ಲ. ಪಾರ್ಮಿಜಾನೊ ಮಾಡೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲು ಹೆಪ್ಪುಗಟ್ಟಿಸೋ ಪದಾರ್ಥ) ಹಾಕಿ, ರೋಮಿನ ಪೆಕೊರಿನೋಗೆ ಕುರಿಮರಿದು. ಹೊರಗೆ ಹೋದ್ಮೇಲೆ ಅಷ್ಟೆಲ್ಲ ನೋಡಲ್ಲ ಅನ್ನೋರೂ ಇದಾರೆ, ಗೊತ್ತಾದ್ಮೇಲೆ ಗಂಟಲಲ್ಲಿ ಇಳಿಯಲ್ಲ ಅನ್ನೋರೂ ಇದಾರೆ, ಅದು ಅವರವರಿಗೆ ಬಿಟ್ಟಿದ್ದು, ಆದ್ರೆ ಹೋಗೋ ಮುಂಚೆ ಹುಡುಗನಿಗೆ ಹೇಳಿ, ಅಲ್ಲಿ ಹೋದ್ಮೇಲೆ ಟೇಬಲ್ ಮುಂದೆ ಕೂತು ಗೊತ್ತಾಗೋದು ಬೇಡ. ಬೇಡ ಅನ್ನೋದಾದ್ರೆ ಮರಿನಾರಾ ಪಿಜ್ಜಾ ಇದೆ, ಟೊಮ್ಯಾಟೊ ಬೆಳ್ಳುಳ್ಳಿ ಓರೆಗಾನೊ ಎಣ್ಣೆ, ಚೀಸೇ ಇಲ್ಲ, ಕರಾವಳಿ ಕಡೆ ಅದನ್ನ ಚೆನ್ನಾಗಿ ಮಾಡ್ತಾರೆ. ಮನೆಯಿಂದ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ತಗೊಂಡು ಹೋಗಿ. ತುಪ್ಪ, ಪೇಡ ಬೇಡ, ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರಂಗಿಲ್ಲ. ರಾತ್ರಿ ಊಟ ಏಳೂವರೆಗೆ ಮುಂಚೆ ಒಳ್ಳೇ ಹೋಟೆಲಲ್ಲಿ ಸಿಗಲ್ಲ. ಬಿಲ್ಲಲ್ಲಿ ಕೊಪೆರ್ತೊ ಅಂತ ತಲೆಗೆ ಎರಡು ಮೂರು ಯೂರೋ ಸೇರಿಸಿದ್ರೆ ಜಗಳ ಮಾಡ್ಬೇಡಿ, ಅದು ಟೇಬಲ್ ಚಾರ್ಜು, ಮಾಮೂಲಿ. ಕಾಫಿನ ಕೌಂಟರಲ್ಲಿ ನಿಂತು ಕುಡಿದ್ರೆ ಒಂದು ರೇಟು, ಕೂತ್ರೆ ಇನ್ನೊಂದು.

ವೀಸಾಗೆ ಈಗಲೇ ಓಡಾಡಿ. ಬೇಕಿರೋದು ಶೆಂಗನ್ ವೀಸಾ, ಅಂದ್ರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಫೀ 90 ಯೂರೋ, ಅರ್ಜಿ ತಗೊಳ್ಳೋ ವಿಎಫ್ಎಸ್ ಸೆಂಟರ್ ಬೆಂಗಳೂರಲ್ಲೇ ಇದೆ, ಹೊರಡೋಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕ್ಬಹುದು. ಬೇಸಿಗೇಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ಇಬ್ಬರಿಗೂ ಸಂಬಳ ಇದ್ರೆ ಮದುವೆಗೆ ಮುಂಚೆನೇ ಅವರವರ ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ರಜೆ ಲೆಟರ್ ಇಟ್ಟು ಬೇರೆ ಬೇರೆ ಹಾಕಿ, ಮ್ಯಾರೇಜ್ ಸರ್ಟಿಫಿಕೇಟ್‌ಗೆ ಕಾಯ್ತಾ ಕೂತ್ರೆ ಮೇ ಕಳೆದು ಹೋಗುತ್ತೆ. 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಹೆಸರು ಬದಲಾಯಿಸೋದಿದ್ರೆ ವಾಪಸ್ ಬಂದ್ಮೇಲೆ ಮಾಡಿ, ಟಿಕೆಟ್ಟು ವೀಸಾ ಪಾಸ್‌ಪೋರ್ಟು ಮೂರರಲ್ಲೂ ಒಂದೇ ಹೆಸರಿರ್ಬೇಕು. ಹೋಟೆಲ್ ಎಲ್ಲ ಫ್ರೀ ಕ್ಯಾನ್ಸಲ್ ಇರೋದನ್ನೇ ತಗೊಳ್ಳಿ, ವೀಸಾ ಕೈಗೆ ಬಂದ ದಿನ ಫಾಸ್ಟ್ ಟ್ರೈನ್ ಟಿಕೆಟ್ ಬುಕ್ ಮಾಡಿ, ತ್ರೆನಿತಾಲಿಯಾ ಇತಾಲೊ ಅಂತ ಎರಡು ಕಂಪನಿ ಇದಾವೆ, ಎರಡರಲ್ಲೂ ಬೇಗ ತಗೊಂಡಷ್ಟೂ ಅಗ್ಗ. ಪ್ಯಾಸೆಂಜರ್ ಥರದ ರೀಜನಲ್ ರೈಲಿಗೆ ಯಾವಾಗ ತಗೊಂಡ್ರೂ ಒಂದೇ ರೇಟು, ಆದ್ರೆ ಪೇಪರ್ ಟಿಕೆಟ್ ಆದ್ರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಮೆಷಿನಲ್ಲಿ ಪಂಚ್ ಮಾಡಿಸ್ಲೇಬೇಕು, ಇಲ್ಲಾಂದ್ರೆ ಟಿಕೆಟ್ ಇದ್ರೂ ದಂಡ. ಸ್ಟ್ರೈಕ್ ಅಲ್ಲಿ ಸಾಮಾನ್ಯ, ಮುಂಚೆನೇ ಹೇಳಿ ಮಾಡ್ತಾರೆ, ಹೊರಡೋ ವಾರ ಶೋಪೆರೊ (sciopero, ಅಂದ್ರೆ ಸ್ಟ್ರೈಕ್) ಅಂತ ಹಾಕಿ ಹುಡುಕಿ ನೋಡಿ.

ಕೊನೇದಾಗಿ ಏಜೆಂಟ್ ಪ್ಯಾಕೇಜ್. ತಗೊಳ್ಳೇಬೇಡಿ ಅಂತ ಹೇಳಲ್ಲ, ಎಲ್ಲ ಒಬ್ರೇ ನೋಡ್ಕೊಂಡ್ರೆ ಮದುವೆ ಓಡಾಟದಲ್ಲಿ ತಲೆನೋವು ಕಮ್ಮಿ ಅನ್ನೋದೂ ನಿಜ. ಆದ್ರೆ ಅವರ ಹತ್ರ ಪ್ರತಿ ಊರಿನ ಹೋಟೆಲ್ ಹೆಸರು ಇಮೇಲಲ್ಲಿ ಬರವಣಿಗೆಯಲ್ಲಿ ಕೇಳಿ, ಫೋರ್ ಸ್ಟಾರ್ ಅಥವಾ ಸಮಾನ ಅಂತ ಬರೆದಿದ್ರೆ ಒಪ್ಕೋಬೇಡಿ. ಹೆಸರು ಸಿಕ್ಕಿದ ಮೇಲೆ ಮ್ಯಾಪಲ್ಲಿ ಹಾಕಿ, ವೆನಿಸ್ ಅಂತ ಹೇಳಿರೋದು ಮೆಸ್ತ್ರೆನಾ, ಫ್ಲಾರೆನ್ಸ್ ಅಂತ ಹೇಳಿರೋದು ಹೈವೇ ಪಕ್ಕದ ಹೋಟೆಲ್ಲಾ, ಅಮಾಲ್ಫಿ ಅಂತ ಹೇಳಿರೋದು ಸಲೆರ್ನೊನಾ ಅಂತ ನೋಡಿ. ಹೋಟೆಲ್ ಬದಲಾದ್ರೆ, ವೀಸಾ ರಿಜೆಕ್ಟ್ ಆದ್ರೆ ಎಷ್ಟು ದುಡ್ಡು ವಾಪಸ್ ಬರುತ್ತೆ ಅನ್ನೋದೂ ಅದೇ ಇಮೇಲಲ್ಲಿ ಇರ್ಲಿ. ಇದಕ್ಕೆಲ್ಲ ಎರಡು ದಿನದಲ್ಲಿ ನೇರವಾಗಿ ಉತ್ತರ ಕೊಟ್ರೆ ಮಾತು ಮುಂದುವರಿಸಿ. ಆಮೇಲೆ ನೋಡೋಣ ಮೇಡಂ, ಎಲ್ಲಾ ನಾವು ನೋಡ್ಕೋತೀವಿ ಅಂತ ಬರೀ ಫೋನಲ್ಲೇ ಹೇಳ್ತಿದ್ರೆ ಅಡ್ವಾನ್ಸ್ ಕಟ್ಬೇಡಿ, ನಾಲ್ಕು ಹೋಟೆಲು, ಮೂರು ರೈಲು, ಒಂದು ಫ್ಲೈಟು, ಒಂದು ಭಾನುವಾರ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತ್ರೆ ನೀವೇ ಮುಗಿಸ್ತೀರಾ.